ದೋಣಿಯ ಲೆಕ್ಕ, ಮುಳುಗಡೆಯ ಲೆಕ್ಕ

ಹೊಸನಗರ ತಾಲ್ಲೂಕಿನ ಹಿರಿಯ ಓದುಗರೊಬ್ಬರು ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು: "ಹೋದ ಸಂಚಿಕೆಯಲ್ಲಿ ಮೆಡಿಟರೇನಿಯನ್ ಸಮುದ್ರದ ವಲಸಿಗರ ದೋಣಿಗಳಿಗೆ ಎರಡು ಪುಟ ಕೊಟ್ಟಿದ್ದೀರಿ. ನಮ್ಮ ಅಡಿಕೆ ತೋಟ ಎಲೆಚುಕ್ಕೆ ರೋಗದಲ್ಲಿ ಒಣಗುತ್ತಿದೆ, ಅದಕ್ಕೆ ಕಾಲು ಪುಟ. ಯುರೋಪಿನವರು ಬಿಗಿ ಮಾಡಿದ ಮೇಲೆ ಬರುವವರು ಕಮ್ಮಿ ಆಗಿದ್ದಾರೆ ಅಂತ ನೀವೇ ಬರೆದಿದ್ದೀರಿ. ಅಲ್ಲಿಗೆ ಮುಗಿಯಿತಲ್ಲ? ಮಲೆನಾಡಿಗೂ ಇದಕ್ಕೂ ಏನು ಸಂಬಂಧ? ತಾ.ಕ.: ಅಸ್ಸಾಮಿನ ಹುಡುಗರು ಬಾರದಿದ್ದರೆ ಈ ವರ್ಷ ನನ್ನ ಕೊಯ್ಲು ಆಗುತ್ತಿರಲಿಲ್ಲ. ಆಳಿನ ಸಮಸ್ಯೆ ಬಗ್ಗೆಯೂ ಬರೆಯಿರಿ."

ತಾ.ಕ. ಓದಿ ನಕ್ಕೆ ಮಾರಾಯ್ರೇ. ಪತ್ರದ ಉದ್ದಕ್ಕೂ ಬೇಡ ಎಂದ ವಿಷಯವನ್ನೇ ಕೊನೆಗೆ ಬರೆಯಿರಿ ಎಂದಿದ್ದೀರಿ.

ಎಲೆಚುಕ್ಕೆ ವಿಷಯದಲ್ಲಿ ತಪ್ಪು ನನ್ನದೇ. ಇನ್ನೂ ಒಂದು ಮಾತು ಒಪ್ಪುತ್ತೇನೆ. ಲ್ಯಾಂಪೆಡೂಸ ಅಂತ ಇಟಲಿಯ ಒಂದು ದ್ವೀಪ. ಅಲ್ಲಿನ ಜನ ಸುಮಾರು 6,000. 2023ರ ಸೆಪ್ಟೆಂಬರಿನಲ್ಲಿ ಎರಡು ಮೂರು ದಿನದೊಳಗೆ ಅದಕ್ಕಿಂತ ಜಾಸ್ತಿ ಜನ ಅಲ್ಲಿ ಬಂದಿಳಿದರು. ಊರಿನವರಿಗೆ ಸಿಟ್ಟು ಬಂದರೆ ಅದು ಸಹಜ. ಇಷ್ಟು ಒಪ್ಪಿ ಮುಂದೆ ಹೋಗುತ್ತೇನೆ.

ನನ್ನ ಜಗಳ ಇರುವುದು ನಿಮ್ಮ "ಕಮ್ಮಿ ಆಗಿದ್ದಾರೆ" ಎಂಬ ಮಾತಿನ ಜೊತೆ.

2015ರಲ್ಲಿ ಸಮುದ್ರ ದಾಟಿ ಯುರೋಪು ಸೇರಿದವರು 10 ಲಕ್ಷಕ್ಕೂ ಜಾಸ್ತಿ. ಅವರಲ್ಲಿ ಸುಮಾರು 8.5 ಲಕ್ಷ ಜನ ಟರ್ಕಿಯಿಂದ ಗ್ರೀಸಿಗೆ ಬಂದವರು. 2016ರ ಮಾರ್ಚಿನಲ್ಲಿ ಯುರೋಪು ಟರ್ಕಿಯ ಜೊತೆ ಒಪ್ಪಂದ ಮಾಡಿಕೊಂಡು ಆ ದಾರಿ ಮುಚ್ಚಿಸಿತು. ಆ ವರ್ಷದ ಒಟ್ಟು ಲೆಕ್ಕ 3.6 ಲಕ್ಷದ ಹತ್ತಿರಕ್ಕೆ ಇಳಿಯಿತು. ಭೇಷ್ ಅನ್ನೋಣವಾ? ಅದೇ ವರ್ಷ ಮೆಡಿಟರೇನಿಯನ್ನಿನಲ್ಲಿ ಸತ್ತವರು, ಕಾಣೆಯಾದವರು 5,000ಕ್ಕೂ ಜಾಸ್ತಿ. ಅದು ಹಿಂದಿನ ವರ್ಷಕ್ಕಿಂತ ಸಾವಿರಕ್ಕೂ ಮೇಲೆ. ದಾಟಿದವರು ಮೂರನೇ ಒಂದು ಪಾಲಿಗೆ ಇಳಿದಾಗ ಸತ್ತವರು ಏರಿದರು. ಟರ್ಕಿಯಿಂದ ಗ್ರೀಸಿನ ಲೆಸ್ಬೋಸ್ ದ್ವೀಪಕ್ಕೆ ಕಿರಿದಾದ ಕಡೆ ಹತ್ತು ಕಿಲೋಮೀಟರಿಗೂ ಕಮ್ಮಿ ನೀರು. ಲಿಬಿಯಾದಿಂದ ಲ್ಯಾಂಪೆಡೂಸಕ್ಕೆ ಹತ್ತಿರ ಹತ್ತಿರ ಮುನ್ನೂರು. ಎರಡೂ ಕಡೆ ಹೊರಟವರು ಅದೇ ಜನ ಅಲ್ಲ, ನಿಜ. ಆದರೆ ಯಾವ ದಾರಿ ಮುಚ್ಚಿದರು, ಯಾವುದು ಉಳಿಯಿತು ಅನ್ನುವುದನ್ನು ನೋಡಿ.

ಮಳೆಗಾಲದಲ್ಲಿ ತೋಟದ ಬಸಿಗಾಲುವೆಗೆ ಒಂದು ಸೋಗೆ ಅಡ್ಡ ಬಿದ್ದರೆ ನೀರು ನಿಲ್ಲುತ್ತದಾ? ಪಕ್ಕದ ಏರಿ ಕೊರೆದುಕೊಂಡು ಇನ್ನೆಲ್ಲೋ ಹೊರಡುತ್ತದೆ. ಇದನ್ನು ನಾನು ನಿಮಗೆ ಹೇಳಿಕೊಡಬೇಕಾ?

ಹಾಗೇ ಆಯಿತು. 2017ರಲ್ಲಿ ಇಟಲಿ ಲಿಬಿಯಾದ ಜೊತೆ ಮಾತಾಡಿತು. ಇಟಲಿಗೆ ಬರುವವರು 2018ಕ್ಕೆ 23 ಸಾವಿರಕ್ಕೆ ಇಳಿದರು, ಅದೇ ವರ್ಷ ಸ್ಪೇನಿನ ಲೆಕ್ಕ ಎರಡು ಪಟ್ಟು ಮೀರಿ ಏರಿತು. 2023ರಲ್ಲಿ ಇಟಲಿಗೆ ಮತ್ತೆ 1.57 ಲಕ್ಷ ಜನ, ಹೆಚ್ಚಿನವರು ಟ್ಯುನೀಷಿಯಾ ದಾರಿಯಲ್ಲಿ. ಅಲ್ಲೂ ಒಪ್ಪಂದ ಆಯಿತು, ಮರುವರ್ಷ 66 ಸಾವಿರ. ಆಗ ಪಶ್ಚಿಮ ಆಫ್ರಿಕದಿಂದ ಅಟ್ಲಾಂಟಿಕ್ ಸಾಗರದ ಕೆನರಿ ದ್ವೀಪಗಳಿಗೆ 46 ಸಾವಿರಕ್ಕೂ ಜಾಸ್ತಿ ಜನ ಬಂದರು. ಅಲ್ಲಿಯವರೆಗೆ ಅಷ್ಟು ಜನ ಯಾವತ್ತೂ ಬಂದಿರಲಿಲ್ಲ. ಬಣ್ಣ ಬಳಿದ ಮೀನುಗಾರಿಕೆ ದೋಣಿಗಳು ಅವು. ದಿಕ್ಕು ತಪ್ಪಿದರೆ ಮುಂದೆ ಬ್ರೆಜಿಲ್ ತನಕ ನೀರೇ. 2024ರ ಏಪ್ರಿಲಿನಲ್ಲಿ ಬ್ರೆಜಿಲಿನ ಮೀನುಗಾರರಿಗೆ ಕಡಲಲ್ಲಿ ಅಂಥದೊಂದು ದೋಣಿ ಸಿಕ್ಕಿತು. ಒಳಗೆ ಎಂಟು ಶವ, ಹತ್ತಿರದಲ್ಲೇ ನೀರಿನಲ್ಲಿ ಇನ್ನೊಂದು. ರೈನ್‌ಕೋಟುಗಳು ಮಾತ್ರ ಒಂಬತ್ತಕ್ಕಿಂತ ಜಾಸ್ತಿ ಇದ್ದವು. ಆ ರೈನ್‌ಕೋಟುಗಳು ಯಾಕೋ ನನ್ನ ತಲೆಯಿಂದ ಹೋಗುತ್ತಿಲ್ಲ. ನಮ್ಮೂರಿನ ಮಳೆಗಾಲದ ಜಗಲಿಯಲ್ಲಿ ಮೊಳೆಗೆ ನೇತು ಹಾಕಿರುತ್ತಾರಲ್ಲ, ಹಾಗೆ ಕಣ್ಣಿಗೆ ಬರುತ್ತವೆ.

ನೆಲದ ದಾರಿಯದ್ದೂ ಇದೇ ಕತೆ. ಕೊಲಂಬಿಯಾ ಮತ್ತು ಪನಾಮದ ನಡುವೆ ಡೇರಿಯನ್ ಅಂತ ರಸ್ತೆಯಿಲ್ಲದ ಕಾಡು. 2023ರಲ್ಲಿ ಅಮೆರಿಕದ ಕಡೆ ಹೊರಟು ಅದನ್ನು ನಡೆದು ದಾಟಿದವರು 5.2 ಲಕ್ಷ. ನಮ್ಮ ದೇಶದವರೂ ಇದ್ದರು, ಹೀಗೆ ಕದ್ದು ಹೋಗುವ ದಾರಿಗೆ ಅವರಿಟ್ಟ ಹೆಸರು 'ಡಂಕಿ'. 2025ರ ಫೆಬ್ರುವರಿಯಲ್ಲಿ 104 ಭಾರತೀಯರನ್ನು ಅಮೆರಿಕದ ಸೇನಾ ವಿಮಾನ ಕೈಗೆ ಕೋಳ ಹಾಕಿ ಅಮೃತಸರಕ್ಕೆ ತಂದಿಳಿಸಿದಾಗ ನೀವೂ ಟಿವಿ ಮುಂದೆ ಬೈದಿದ್ದೀರಿ, ಅಲ್ವಾ?

ಈಗ ಮಲೆನಾಡಿನ ಸಂಬಂಧ. ಐದನೇ ಕ್ಲಾಸಿನಲ್ಲಿ ನಾನು ಕೆಳದಿ ಚೆನ್ನಮ್ಮನ ನಾಟಕದಲ್ಲಿ ರಾಜಾರಾಮ ಆಗಿದ್ದೆ. ಸಣಕಲ ಇದ್ದೆ, ಓಡಿಬಂದವನ ಹಾಗೆ ಕಾಣುತ್ತಾನೆ ಅಂತ ಮೇಷ್ಟ್ರು ಆರಿಸಿದ್ದು. ಇದ್ದದ್ದು ಒಂದೇ ಮಾತು: "ತಾಯೀ, ಆಶ್ರಯ ಕೊಡು." ಅದನ್ನೂ ಮರೆತೆ. 1689ರಲ್ಲಿ ಶಿವಾಜಿಯ ಮಗನಾದ ಈ ರಾಜಾರಾಮ, ಔರಂಗಜೇಬನ ಸೈನ್ಯದಿಂದ ತಪ್ಪಿಸಿಕೊಂಡು, ವೇಷ ಮರೆಸಿಕೊಂಡು ತಮಿಳುನಾಡಿನ ಜಿಂಜಿ ಕೋಟೆಯ ಕಡೆ ಹೊರಟಿದ್ದ. ಅವನಿಗೆ ದಾರಿ ಕೊಟ್ಟರೆ ಮೊಗಲರ ದಂಡು ತನ್ನ ಮೇಲೆ ಬರುತ್ತದೆ ಅಂತ ಚೆನ್ನಮ್ಮನಿಗೆ ಗೊತ್ತಿತ್ತು. ಕೊಟ್ಟಳು. ದಂಡು ಬಂತು. ಅವಳ ಹೆಸರಿನಲ್ಲಿ ನಾವು ಹೆಮ್ಮೆ ಪಡುವುದು ಇದಕ್ಕೇ ಅಲ್ವಾ? ರಾಜಾರಾಮನ ಹತ್ತಿರ ಯಾವ ಕಾಗದ ಇತ್ತು?

ಕಾಗದ ಅಂದಾಗ ನಮ್ಮ ದೊಡ್ಡಮ್ಮ ನೆನಪಾಗುತ್ತಾರೆ. ಅವರ ಮನೆ ಶರಾವತಿ ಮುಳುಗಡೆಯದ್ದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು, ನಾಡಿಗೆ ಕರೆಂಟು ಬಂತು, ಇವರು ಲಾರಿ ಹತ್ತಿದರು. ಹಳೆ ಮನೆಯ ಹಲಸಿನ ಕಂಬಗಳನ್ನು ಬಿಡಲು ಮನಸ್ಸು ಬಾರದೆ ಹೇರಿಕೊಂಡು ಬಂದರಂತೆ. ಹೊಸ ಜಾಗದಲ್ಲಿ ಕಟ್ಟಿದ ಮನೆ ಗಿಡ್ಡ. ಕಂಬಗಳ ಬುಡವನ್ನು ಒಂದೊಂದು ಮೊಳ ಕೊಯ್ಯಬೇಕಾಯಿತು. ಆ ತುಂಡುಗಳ ಮೇಲೆ ಕೂತೇ ದೊಡ್ಡಮ್ಮ ಮೆಟ್ಟುಗತ್ತಿ ಮುಂದಿಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು. ನಿಮ್ಮ ಊರು ಯಾವುದು ಅಂದರೆ "ನೀರೊಳಗೆ" ಅನ್ನುತ್ತಿದ್ದರು, ತಲೆ ಎತ್ತದೆ. ನೀರು ತೀರಾ ಇಳಿದ ಬೇಸಗೆಯಲ್ಲಿ 1948ರ ಮಡೆನೂರು ಅಣೆಕಟ್ಟು ಮೇಲೆದ್ದು ಕಾಣುತ್ತದೆ. ಒಂದು ಅಣೆಕಟ್ಟನ್ನೇ ಇನ್ನೊಂದು ನುಂಗಿದ ಜಾಗ ಅದು.

ಜಾಗ ಕೊಟ್ಟರು, ಆದರೆ ಹಲವರಿಗೆ ಕೊಟ್ಟದ್ದು ದಾಖಲೆಯಲ್ಲಿ ಕಾಡು. ಅರವತ್ತು ವರ್ಷದ ಮೇಲೂ ಹಕ್ಕುಪತ್ರಕ್ಕೆ ಓಡಾಡುವವರಿದ್ದಾರೆ. ದೊಡ್ಡಮ್ಮನ ಮಗನ ಜೊತೆ ನಾನೂ ಒಮ್ಮೆ ಒಂದು ಕಚೇರಿಗೆ ಹೋಗಿದ್ದೆ. ಮೂಲ ಊರಿನ ಪಹಣಿ ತನ್ನಿ ಎಂದರು. ಊರು ನೀರಲ್ಲಿದೆ ಸ್ವಾಮಿ, ಎಂದ ಅಣ್ಣ. "ಹಾಗಾದರೆ ಮುಳುಗಿದೆ ಅಂತ ಆ ಊರಿನವರಿಂದ ಬರೆಸಿಕೊಂಡು ಬನ್ನಿ." ದೋಣಿಯಿಂದ ಇಳಿದವನನ್ನು ಬೆಂಚಿನ ಮೇಲೆ ಕೂರಿಸಿ ಕಾಗದ ಕೇಳುವ ಸುದ್ದಿ ಓದಿದಾಗೆಲ್ಲ ನನಗೆ ಆ ಟೇಬಲ್ಲು ನೆನಪಾಗುತ್ತದೆ.

ಇನ್ನೊಂದು ಲೆಕ್ಕ ಹೇಳುತ್ತೇನೆ. ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆಯ ಪ್ರಕಾರ 2024ರ ಕೊನೆಗೆ ಯುದ್ಧ, ಹಿಂಸೆಯಿಂದ ಮನೆ ಬಿಟ್ಟವರು 12.32 ಕೋಟಿ. ಅದರಲ್ಲಿ 7.35 ಕೋಟಿ ಜನ ತಮ್ಮ ದೇಶದ ಗಡಿಯನ್ನೇ ದಾಟಿಲ್ಲ. ದಾಟಿದವರಲ್ಲೂ ಮೂರರಲ್ಲಿ ಇಬ್ಬರು ಪಕ್ಕದ ದೇಶದಲ್ಲೇ ಇದ್ದಾರೆ. 2017ರಲ್ಲಿ ಕೆಲವೇ ತಿಂಗಳಲ್ಲಿ 7 ಲಕ್ಷಕ್ಕೂ ಜಾಸ್ತಿ ರೋಹಿಂಗ್ಯಾಗಳು ಹೋದದ್ದು ಬಾಂಗ್ಲಾದೇಶಕ್ಕೆ, ಸ್ವಿಟ್ಜರ್ಲೆಂಡಿಗಲ್ಲ. ಟಿವಿಯಲ್ಲಿ ಕಾಣುವ ದೋಣಿ ಇದರಲ್ಲಿ ಎಷ್ಟರ ಪಾಲು, ನೀವೇ ಹೇಳಿ.

ನಮ್ಮ ಮಾತೂ ವಿಚಿತ್ರ. ನಮ್ಮ ಮಗ ಡಬ್ಲಿನ್‌ಗೆ ಹೋದರೆ 'ಸೆಟಲ್ ಆದ' ಅನ್ನುತ್ತೇವೆ. ಬೇರೆಯವನ ಮಗ ಬಂದರೆ 'ನುಸುಳಿದ'. ಮದುವೆ ಮನೆಯಲ್ಲಿ ವೀಸಾ ಸಿಗದ ಸಂಕಟ ಹೇಳಿಕೊಂಡವರೇ, ಊಟ ಮುಗಿದು ಕವಳ ಹಾಕುವ ಹೊತ್ತಿಗೆ ಎಲ್ಲ ಗಡಿಗೂ ಬೇಲಿ ಹಾಕಬೇಕು ಅನ್ನುತ್ತಾರೆ. ಊರಲ್ಲಿ ಉಳಿದವರು ಅರವತ್ತು ದಾಟಿದವರು. ತೋಟ ನೋಡಲು ಜನ ಇಲ್ಲ. ನಮ್ಮ ಮಕ್ಕಳೆಲ್ಲ ಎಲ್ಲಿಗೆ ಹೋದರು ಅಂತ ಯಾರೂ ಗ್ರಾಫ್ ಬರೆಯುವುದಿಲ್ಲ.

ನಿಮ್ಮ ಮೇಲೆ ಸಿಟ್ಟಿಲ್ಲ. ಬೈಯುವುದಕ್ಕಾದರೂ ಎರಡು ಪುಟ ಪೂರ್ತಿ ಓದಿದ್ದೀರಿ, ಈ ಕಾಲದಲ್ಲಿ ಅದು ದೊಡ್ಡದು. ಒಂದು ಕೆಲಸ ಮಾಡಿ. ಆ ಅಸ್ಸಾಮಿನ ಹುಡುಗರು ಎಷ್ಟು ದಿನ ರೈಲಿನಲ್ಲಿ ಕೂತು ಬಂದರು, ಊರಲ್ಲಿ ಗದ್ದೆ ಇದೆಯಾ, ಬ್ರಹ್ಮಪುತ್ರ ತೆಗೆದುಕೊಂಡು ಹೋಯಿತಾ, ಸಂಜೆ ಚಹಾ ಕುಡಿಯುವಾಗ ಸುಮ್ನೆ ಕೇಳಿ. ಉತ್ತರ ಬರೆದು ಕಳಿಸಿದರೆ ಅಚ್ಚು ಹಾಕುತ್ತೇನೆ.

ಎಲೆಚುಕ್ಕೆ ಲೇಖನ ಮುಂದಿನ ತಿಂಗಳು ಬರುತ್ತದೆ. ಎರಡೂವರೆ ಪುಟ ಇಟ್ಟಿದ್ದೇನೆ, ದೋಣಿಗಿಂತ ಅರ್ಧ ಪುಟ ಜಾಸ್ತಿ.

— ಸಂಪಾದಕ