ಕೈ ಬಿಟ್ಟರೆ ಮೂತಿ ಏಳುತ್ತದೆ, ಟ್ರಿಮ್ ಒತ್ತಿದರೆ ಬೀಳುತ್ತದೆ: ಏನು ಮಾಡಲಿ?

ಪ್ರಶ್ನೆ: ಸರ್, ನಾನು ಬೀದರ್‌ನ ನೌಬಾದ್‌ನವನು, ಡಿಪ್ಲೊಮಾ ಓದುತ್ತಿದ್ದೇನೆ. ಎರಡು ತಿಂಗಳಿಂದ ಕಂಪ್ಯೂಟರ್‌ನಲ್ಲಿ ಡಿಸಿಎಸ್ ವರ್ಲ್ಡ್ ಎಂಬ ವಿಮಾನ ಹಾರಿಸುವ ಆಟ ಆಡುತ್ತಿದ್ದೇನೆ. ಅದರ ಜೊತೆ ಉಚಿತವಾಗಿ ಬರುವ ಟಿಎಫ್-51ಡಿ ಮಸ್ಟಾಂಗ್ ಹಾರಿಸುತ್ತೇನೆ. ಜಾಯ್‌ಸ್ಟಿಕ್ ಬಿಟ್ಟ ಕೂಡಲೇ ಮೂತಿ ಮೇಲೇಳುತ್ತದೆ, ವಿಮಾನ ಎಡಕ್ಕೆ ವಾಲುತ್ತದೆ. ಸ್ಟಿಕ್ ಹಿಡಿಯದೆಯೂ ವಿಮಾನ ನೆಟ್ಟಗೆ ಹಾರಲೆಂದು ಇರುವ ಟ್ರಿಮ್ ಒತ್ತಿದರೆ ಮೂತಿ ಕೆಳಗೆ, ತಿರುಗಿ ಒತ್ತಿದರೆ ಮೇಲೆ. ಒಂದು ಎತ್ತರದಲ್ಲಿ ನಿಲ್ಲುವುದೇ ಇಲ್ಲ. ನಮ್ಮ ಮನೆ ಮೇಲೆ ವಾಯುಪಡೆಯ ಹಾಕ್ ತರಬೇತಿ ವಿಮಾನಗಳು ಗೆರೆ ಎಳೆದ ಹಾಗೆ ಹೋಗುತ್ತವೆ. ನನ್ನದು ಯಾಕೆ ಹೋಗುವುದಿಲ್ಲ?

ಉತ್ತರ: ತಮ್ಮಾ, ನೀವು ಟ್ರಿಮ್ ಅನ್ನು ಬಹಳ ಬೇಗ ಒತ್ತುತ್ತಿದ್ದೀರಿ. ವೇಗ ಇನ್ನೂ ಏರುತ್ತಲೋ ಇಳಿಯುತ್ತಲೋ ಇರುತ್ತದೆ, ಅಷ್ಟರಲ್ಲಿ ನಿಮ್ಮ ಬೆರಳು ಬಟನ್ ಮೇಲೆ ಹೋಗಿರುತ್ತದೆ.

ಸಂಕ್ರಾಂತಿಗೆ ಪತಂಗ ಹಾರಿಸಿರುತ್ತೀರಿ, ಅಲ್ವಾ? ಸೂತ್ರ ಕಟ್ಟುವಾಗ ಗಂಟು ಒಂದು ಬೆರಳು ಆಚೀಚೆ ಆದರೆ ಪತಂಗದ ನಡತೆಯೇ ಬೇರೆ ಆಗುತ್ತದೆ. ಗಾಳಿಗೆ ಎಷ್ಟು ವಾರೆಯಾಗಿ ಎದೆ ಕೊಡಬೇಕು ಅನ್ನುವುದನ್ನು ಆ ಗಂಟು ಮೊದಲೇ ತೀರ್ಮಾನ ಮಾಡಿರುತ್ತದೆ. ಎಲಿವೇಟರ್ ಅಂದರೆ ಮೂತಿಯನ್ನು ಏರಿಸಿ ಇಳಿಸುವ, ಬಾಲದಲ್ಲಿರುವ ಪಟ್ಟಿ; ಅದರ ಟ್ರಿಮ್ ಮಾಡುವ ಕೆಲಸವೂ ಇದೇ. ರೆಕ್ಕೆ ಗಾಳಿಯನ್ನು ಯಾವ ಕೋನದಲ್ಲಿ ಎದುರಿಸಬೇಕು ಎಂದು ಅದು ಗಟ್ಟಿ ಮಾಡುತ್ತದೆ. ಪ್ರತಿ ಕೋನಕ್ಕೂ ಒಂದು ವೇಗ ಇರುತ್ತದೆ. ಆ ವೇಗದಲ್ಲಿ ಮಾತ್ರ ರೆಕ್ಕೆ ವಿಮಾನದ ತೂಕವನ್ನು ಸರಿಯಾಗಿ ಹೊರುತ್ತದೆ. ಹಾಗಾಗಿ ಟ್ರಿಮ್‌ಗೆ ಎತ್ತರ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ವೇಗ.

ಈಗ ನಿಮ್ಮ ಏರಿಳಿತಕ್ಕೆ ಬರೋಣ. ಟ್ರಿಮ್ 200 ಮೈಲಿ ವೇಗಕ್ಕೆ ಕೂತಿದೆ, ವಿಮಾನ 230ರಲ್ಲಿ ಓಡುತ್ತಿದೆ ಅಂದುಕೊಳ್ಳಿ. ಮೂತಿ ಎದ್ದು ವಿಮಾನ ಏರುತ್ತದೆ. ಏರುತ್ತಾ ವೇಗ ಕಳೆದುಕೊಳ್ಳುತ್ತದೆ. 200ಕ್ಕಿಂತ ಕೆಳಗೆ ಹೋದಾಗ ಮೂತಿ ಬಗ್ಗುತ್ತದೆ, ಮತ್ತೆ ವೇಗ ಬರುತ್ತದೆ. ನಿಧಾನವಾದ ಈ ತೂಗಾಟ ನಿಜವಾದ ವಿಮಾನದಲ್ಲೂ ಇದೆ. ಇದಕ್ಕೆ ಫ್ಯೂಗಾಯ್ಡ್ ಅನ್ನುತ್ತಾರೆ. ಸುಮ್ನೆ ಬಿಟ್ಟರೆ ಸಾಮಾನ್ಯವಾಗಿ ತಾನೇ ತಣ್ಣಗಾಗುತ್ತದೆ. ನಡುವೆ ಬಟನ್ ಒತ್ತುತ್ತಾ ಹೋದರೆ ತೂಗುವ ಜೋಕಾಲಿಯನ್ನು ಮತ್ತೆ ಮತ್ತೆ ತಳ್ಳಿದ ಹಾಗೆ.

ಮಾಡಬೇಕಾದ್ದು ಇಷ್ಟು. 6,000 ಅಡಿಗೆ ಏರಿ. ಥ್ರಾಟಲ್ ಮತ್ತು ಪ್ರೊಪೆಲ್ಲರ್ ಆರ್‌ಪಿಎಂ ಒಂದು ಕಡೆ ಇಟ್ಟು ಅವುಗಳಿಂದ ಕೈ ತೆಗೆಯಿರಿ. ಸ್ಟಿಕ್‌ನಿಂದಲೇ ಮೂತಿಯನ್ನು ದಿಗಂತದ ಹತ್ತಿರ ಒಂದೇ ಜಾಗದಲ್ಲಿ ಹಿಡಿದುಕೊಳ್ಳಿ. ವೇಗದ ಮುಳ್ಳು ನಿಲ್ಲುವ ತನಕ ಕಾಯಿರಿ, ಒಂದು ನಿಮಿಷ ಬೇಕಾದರೂ ಆಗಲಿ. ಏರಿಳಿತ ತೋರಿಸುವ ಮೀಟರ್ ನೋಡಿ ಹಾರಿಸಬೇಡಿ, ಅದು ಸುದ್ದಿ ತಡವಾಗಿ ಹೇಳುತ್ತದೆ. ಕಣ್ಣು ಹೊರಗೆ, ದಿಗಂತದ ಮೇಲೆ ಇರಲಿ. ಮುಳ್ಳು ನಿಂತ ಮೇಲೆ ಟ್ರಿಮ್ ಮುಟ್ಟಿ.

ಇಲ್ಲಿ ಇನ್ನೊಂದು ಎಡವಟ್ಟು ಇದೆ. ಮನೆಯಲ್ಲಿ ಕಲಿಯುವವರು ಜಾಸ್ತಿ ಸಿಕ್ಕಿಹಾಕಿಕೊಳ್ಳುವುದು ಇಲ್ಲೇ. ನಿಜವಾದ ಮಸ್ಟಾಂಗ್‌ನಲ್ಲಿ ಪೈಲಟ್ ಸ್ಟಿಕ್ ಅನ್ನು ಇದ್ದಲ್ಲೇ ಹಿಡಿದುಕೊಂಡು ಎಡಗೈಯಲ್ಲಿ ಟ್ರಿಮ್ ಚಕ್ರ ತಿರುಗಿಸುತ್ತಾನೆ. ಅಂಗೈ ಮೇಲಿನ ಒತ್ತಡ ಕರಗುತ್ತದೆ. ಸ್ಟಿಕ್ ಮಾತ್ರ ಅಲ್ಲೇ ಉಳಿಯುತ್ತದೆ. ನಮ್ಮ ಜಾಯ್‌ಸ್ಟಿಕ್‌ನಲ್ಲಿ ಸ್ಪ್ರಿಂಗ್ ಇದೆ. ಕೈ ಬಿಟ್ಟರೆ ಅದು ನಡುವಿಗೇ ಬರುತ್ತದೆ. ಟ್ರಿಮ್ ಹಾಕಿಯೂ ಸ್ಟಿಕ್ ಅನ್ನು ಅಲ್ಲೇ ಒತ್ತಿ ಹಿಡಿದರೆ ಎರಡೂ ಸೇರಿ ಮೂತಿ ದುಪ್ಪಟ್ಟು ಬಗ್ಗುತ್ತದೆ. ಅದಕ್ಕೇ ಒಂದು ಚೂರು ಟ್ರಿಮ್, ಅಷ್ಟೇ ಚೂರು ಸ್ಟಿಕ್ ಸಡಿಲ. ಮೂತಿ ಕದಲಬಾರದು. ಸ್ಟಿಕ್ ನಡುವಿಗೆ ಬಂದಾಗ ಕೆಲಸ ಮುಗಿಯಿತು. ಟ್ರಿಮ್ ಅನ್ನು ಕೀಬೋರ್ಡ್‌ನಲ್ಲಿ ಇಡಬೇಡಿ. ಸ್ಟಿಕ್ ತಲೆಯ ಮೇಲಿನ ನಾಲ್ಕು ದಿಕ್ಕಿನ ಬಟನ್‌ಗೆ ಹಾಕಿಕೊಳ್ಳಿ.

ಎಡಕ್ಕೆ ವಾಲುವುದಕ್ಕೆ ಕಾರಣ ಹೆಚ್ಚಾಗಿ ರಡ್ಡರ್, ಅಂದರೆ ಮೂತಿಯನ್ನು ಎಡಕ್ಕೆ ಬಲಕ್ಕೆ ತಿರುಗಿಸುವ ಬಾಲದ ಪಟ್ಟಿ. ಮಸ್ಟಾಂಗ್‌ನ ಪ್ರೊಪೆಲ್ಲರ್ ಪೈಲಟ್ ಸೀಟಿನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುತ್ತದೆ. ಎಂಜಿನ್ ಜೋರು, ವೇಗ ಕಡಿಮೆ ಇದ್ದಾಗ ಮೂತಿ ಎಡಕ್ಕೆ ಹೋಗುತ್ತದೆ, ಹಿಂದೆಯೇ ಎಡ ರೆಕ್ಕೆ ಇಳಿಯುತ್ತದೆ. ಟೇಕಾಫ್‌ಗೆ ಮೊದಲು ರಡ್ಡರ್ ಟ್ರಿಮ್ ಅನ್ನು ಸುಮಾರು 6 ಡಿಗ್ರಿ ಬಲಕ್ಕೆ ಇಡುವುದು ಇದಕ್ಕೇ. ಡ್ಯಾಶ್‌ಬೋರ್ಡಿನ ಗಾಜಿನ ನಳಿಗೆಯಲ್ಲಿ ಒಂದು ಗುಂಡು ಇದೆಯಲ್ಲ, ಅದು ನಡುವೆ ಬರುವ ತನಕ ರಡ್ಡರ್ ಟ್ರಿಮ್ ತಿರುಗಿಸಿ. ಆಮೇಲೂ ವಾಲಿದರೆ ಮಾತ್ರ ಏಲೆರಾನ್ (ವಿಮಾನವನ್ನು ಪಕ್ಕಕ್ಕೆ ವಾಲಿಸುವ ರೆಕ್ಕೆಯ ಪಟ್ಟಿ) ಟ್ರಿಮ್. ಒಂದು ಬದಿಗೆ ಜಗ್ಗುವ ಪತಂಗದ ಇನ್ನೊಂದು ತುದಿಗೆ ಚೂರು ಬಟ್ಟೆ ಕಟ್ಟುತ್ತೇವಲ್ಲ, ಅಷ್ಟು ಸಣ್ಣ ಕೆಲಸ ಅದು. ಹಾರುತ್ತಾ ಒಂದೇ ರೆಕ್ಕೆಯ ಟ್ಯಾಂಕ್ ಖಾಲಿ ಮಾಡಿದರೂ ವಿಮಾನ ವಾಲುತ್ತದೆ. ಆಗಾಗ ಟ್ಯಾಂಕ್ ಬದಲಿಸಿ.

ಇದಕ್ಕೆಲ್ಲ ಮೊದಲು ಜಾಯ್‌ಸ್ಟಿಕ್ ಅನ್ನೇ ಪರೀಕ್ಷೆ ಮಾಡಿ. ಕೈ ಬಿಟ್ಟು ಸೆಟ್ಟಿಂಗ್‌ನಲ್ಲಿ ಆಕ್ಸಿಸ್ ಗುರುತು ನೋಡಿ. ಅದು ನಡುಗುತ್ತಿದ್ದರೆ, ನಡುವಿಗೆ ಬರದಿದ್ದರೆ ಯಾವ ಟ್ರಿಮ್ಮೂ ನಿಲ್ಲುವುದಿಲ್ಲ. ನನ್ನ ಹಳೆಯ ಸ್ಟಿಕ್‌ನಲ್ಲಿ ಇದೇ ಆಗಿತ್ತು. ಒಂದು ತಿಂಗಳು ಟ್ರಿಮ್ ಅಭ್ಯಾಸ ಮಾಡಿದ ಮೇಲೆ ತಿಳಿಯಿತು. ನಡುವಿನ ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಚಿಕ್ಕ ಡೆಡ್‌ಝೋನ್ ಇಟ್ಟ ಮೇಲೆ ಸರಿಹೋಯಿತು.

ಬೇರೆ ವಿಮಾನಕ್ಕೆ ಹೋದಾಗ ಲೆಕ್ಕ ಬದಲಾಗುತ್ತದೆ. ಸ್ಪಿಟ್‌ಫೈರ್‌ನಲ್ಲಿ ಏಲೆರಾನ್ ಟ್ರಿಮ್ ಇಲ್ಲ. ಜರ್ಮನಿಯ ಬಿಎಫ್-109ರಲ್ಲಿ ರಡ್ಡರ್ ಟ್ರಿಮ್ಮೂ ಇಲ್ಲ, ಅಲ್ಲಿ ರಡ್ಡರ್ ಪೆಡಲ್ ಮೇಲೆ ಕಾಲೇ ಕೆಲಸ ಮಾಡಬೇಕು. ಎಫ್-16ರಲ್ಲಿ ಕಂಪ್ಯೂಟರ್ ತಾನೇ ನೋಡಿಕೊಳ್ಳುತ್ತದೆ. ನಿಮ್ಮ ಮನೆ ಮೇಲಿನ ಹಾಕ್ ಹಾಗಲ್ಲ. ಬೀದರ್ ವಾಯುನೆಲೆಯಲ್ಲಿ ಕಲಿಯುವ ಹುಡುಗರೂ ವೇಗ ಬದಲಾದಾಗಲೆಲ್ಲ ಟ್ರಿಮ್ ಮಾಡುತ್ತಲೇ ಇರುತ್ತಾರೆ. ಆ ನೇರ ಗೆರೆಯ ಹಿಂದೆ ಅವರ ಹೆಬ್ಬೆರಳಿನ ಕೆಲಸ ಇದೆ.

ಮುಂದೆ ಬಂದೂಕು ಇರುವ ಪಿ-51ಡಿ ಹಾರಿಸುವಾಗ ಗಾಜಿನ ನಳಿಗೆಯ ಆ ಗುಂಡಿನ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಅದು ನಡುವೆ ಇಲ್ಲದಿದ್ದರೆ ವಿಮಾನ ಅಡ್ಡಡ್ಡ ಜಾರುತ್ತಿರುತ್ತದೆ, ಗುರಿ ಸರಿ ಇದ್ದರೂ ಏಟು ಪಕ್ಕಕ್ಕೆ ಹೋಗುತ್ತದೆ. ಒಂದು ಎಚ್ಚರ: ಜೋರು ಡೈವ್‌ನಿಂದ ಮೇಲೇಳಲು ಟ್ರಿಮ್ ತಿರುಗಿಸಬೇಡಿ. ರೆಕ್ಕೆ ಮುರಿಯಬಹುದು.

ಇವತ್ತು ರಾತ್ರಿ ಒಂದು ಪ್ರಯೋಗ ಮಾಡಿ ನೋಡಿ. ಟ್ರಿಮ್ ಸರಿಯಾಗಿ ಕೂತ ಮೇಲೆ ಸ್ಟಿಕ್ ಬಿಟ್ಟು, ಥ್ರಾಟಲ್ ಸ್ವಲ್ಪವೇ ಇಳಿಸಿ. ರೆಕ್ಕೆ ವಾಲಿದರೆ ಮಾತ್ರ ಮೆಲ್ಲಗೆ ಸರಿಮಾಡಿ. ಮೂತಿ ತಾನೇ ಬಗ್ಗುತ್ತದೆ, ಎತ್ತರ ಇಳಿಯತೊಡಗುತ್ತದೆ. ವೇಗದ ಮುಳ್ಳು ಮಾತ್ರ ನಾಲ್ಕು ಸಲ ತೂಗಾಡಿ, ಹೆಚ್ಚು ಕಡಿಮೆ ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ.