ಸಂಪಾದಕರ ಉತ್ತರ: ಇಟಲಿ ಎಲ್ಲಿಗೆ ಮುಗಿಯುತ್ತಿತ್ತು?

ರೋಮನ್ ಸಾಮ್ರಾಜ್ಯದ ಗಡಿಗಳ ಕುರಿತ ನಮ್ಮ ಲೇಖನವನ್ನು ಓದಿ ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಇಟಲಿ ಮತ್ತು ಗಾಲ್ (ಸುಮಾರಾಗಿ ಇಂದಿನ ಫ್ರಾನ್ಸ್) ಎರಡೂ ರೋಮಿಗೇ ಸೇರಿದ್ದಾಗ ಅವುಗಳ ನಡುವೆ ಗಡಿ ಏಕೆ ಬೇಕಿತ್ತು? ಅದು ಇಂದಿನ ಫ್ರಾನ್ಸ್ ಮತ್ತು ಇಟಲಿಗಳ ನಡುವಣ ಗಡಿಯೇ?

ಗಡಿ ಬೇಕಾಗಿದ್ದುದು ಹಕ್ಕು ಮತ್ತು ಕಂದಾಯದ ಕಾರಣಕ್ಕೆ. ಮೊದಲ ಚಕ್ರವರ್ತಿ ಆಗಸ್ಟಸನ ಕಾಲಕ್ಕೆ ಇಟಲಿಯ ಸ್ವತಂತ್ರ ಪ್ರಜೆಗಳು ಸಾಮಾನ್ಯವಾಗಿ ರೋಮನ್ ಪೌರರಾಗಿದ್ದರು, ಅವರ ಜಮೀನಿಗೆ ಭೂಕಂದಾಯವಿರಲಿಲ್ಲ. ಪ್ರಾಂತ್ಯಗಳಲ್ಲಿ ಕಂದಾಯವೂ ಇತ್ತು, ರೋಮ್ ಕಳಿಸಿದ ಅಧಿಕಾರಿಯ ಆಳ್ವಿಕೆಯೂ ಇತ್ತು. ಆಲ್ಪ್ಸ್ ಪರ್ವತಗಳು ಸಮುದ್ರಕ್ಕೆ ಇಳಿಯುವ ಕರಾವಳಿಯಲ್ಲಿ ಈ ಎರಡು ಸ್ಥಿತಿಗಳು ಒಂದಕ್ಕೊಂದು ತಾಗುತ್ತಿದ್ದವು.

ಆ ಕರಾವಳಿ ರೋಮಿಗೆ ಸುಲಭವಾಗಿ ದಕ್ಕಲಿಲ್ಲ. ಇಂದಿನ ನೀಸ್ ಆಗಿರುವ ನಿಕಾಯಾ, ಆಂಟಿಬ್ ಆಗಿರುವ ಆಂಟಿಪೊಲಿಸ್, ಇವೆರಡೂ ಮಸ್ಸಾಲಿಯಾದ (ಇಂದಿನ ಮಾರ್ಸೆ) ಗ್ರೀಕರು ಕಟ್ಟಿದ ಊರುಗಳು. ಬೆಟ್ಟದ ಲಿಗೂರಿಯನ್ ಕುಲಗಳು ಇವನ್ನು ಮುತ್ತಿದಾಗ ಮಸ್ಸಾಲಿಯಾ ರೋಮಿನ ಮೊರೆಹೊಕ್ಕಿತು, ಕ್ರಿ.ಪೂ. 154ರಲ್ಲಿ ಕಾನ್ಸಲ್ ಒಪಿಮಿಯಸ್ ಆ ಕುಲಗಳನ್ನು ಸೋಲಿಸಿದ. ಆದರೂ ಎಂಬತ್ತು ವರ್ಷ ಹೋರಾಡಿದ ಮೇಲೆ ರೋಮನ್ನರಿಗೆ ಸಿಕ್ಕಿದ್ದು ಸರ್ಕಾರಿ ಕೆಲಸದ ಮೇಲೆ ಓಡಾಡುವವರಿಗೆ ಹನ್ನೆರಡು ಸ್ಟೇಡಿಯಾ, ಅಂದರೆ ಎರಡು ಕಿಲೋಮೀಟರಿಗೆ ತುಸು ಹೆಚ್ಚು ಅಗಲದ ದಾರಿ ಮಾತ್ರ ಎಂದು ಭೂಗೋಳಕಾರ ಸ್ಟ್ರಾಬೊ ಬರೆಯುತ್ತಾನೆ. ಕಡಲಂಚಿನ ಆಲ್ಪ್ಸ್ ಪೂರ್ತಿ ಕೈಸೇರಿದ್ದು ಕ್ರಿ.ಪೂ. 14ರಲ್ಲಿ. ಮೊನಾಕೊದ ಮೇಲಿನ ಲಾ ಟುರ್ಬಿಯಲ್ಲಿ ಕ್ರಿ.ಪೂ. 7–6ರ ಸುಮಾರಿಗೆ ಎದ್ದ ವಿಜಯಸ್ಮಾರಕ ಸೋತ ನಲವತ್ತೈದು ಆಲ್ಪೈನ್ ಕುಲಗಳನ್ನು ಹೆಸರಿಸುತ್ತದೆ. ಒಡೆದು ಚೂರಾಗಿದ್ದ ಆ ಶಾಸನವನ್ನು ಮತ್ತೆ ಜೋಡಿಸಲು ಸಾಧ್ಯವಾದದ್ದು ರೋಮನ್ ಲೇಖಕ ಹಿರಿಯ ಪ್ಲಿನಿ ಅದರ ಪಾಠವನ್ನು ತನ್ನ ಗ್ರಂಥದಲ್ಲಿ ನಕಲು ಮಾಡಿಟ್ಟಿದ್ದರಿಂದ. ಅವುಗಳಲ್ಲಿ ಹಲವು ಕುಲಗಳ ನೆನಪು ಗೆದ್ದವನ ಪಟ್ಟಿಯ ಮೂಲಕವೇ ನಮಗೆ ತಲುಪಿದೆ ಎಂಬುದು ನನ್ನನ್ನು ಬಹಳವಾಗಿ ಕಾಡುವ ಸಂಗತಿ.

ಗಡಿಯನ್ನು ನೇರ ಗೆರೆಯೆಂದು ಭಾವಿಸಿದರೆ ತಪ್ಪಾಗುತ್ತದೆ. ನೀಸ್ ಪಕ್ಕದಲ್ಲಿ ಹರಿಯುವ ವಾರ್ ನದಿಯೇ ಇಟಲಿಯ ಎಲ್ಲೆ ಎನ್ನುವ ಸ್ಟ್ರಾಬೊ, ನದಿಯ ಇಟಲಿ ಬದಿಯಲ್ಲಿದ್ದ ನಿಕಾಯಾ ಮಸ್ಸಾಲಿಯಾದ ಅಧೀನದಲ್ಲೇ ಉಳಿಯಿತೆಂದೂ, ಗಾಲ್ ಬದಿಯ ಆಂಟಿಪೊಲಿಸ್ ಮಸ್ಸಾಲಿಯಾದ ವಿರುದ್ಧ ವ್ಯಾಜ್ಯ ಗೆದ್ದು ಇಟಲಿಯ ಊರುಗಳ ಸಾಲಿಗೆ ಸೇರಿತೆಂದೂ ಹೇಳುತ್ತಾನೆ. ನಂತರದ ಪ್ರಯಾಣಪಟ್ಟಿಯೊಂದು ಆಲ್ಪ್ಸ್ ದಾರಿಯ ನೆತ್ತಿಯಲ್ಲೇ ಇಟಲಿಯನ್ನು ಮುಗಿಸಿ ಗಾಲ್ ಅನ್ನು ಆರಂಭಿಸುತ್ತದೆ. ನಡುವಿನ ಬೆಟ್ಟನಾಡು ಕಡಲಂಚಿನ ಆಲ್ಪ್ಸ್ ಎಂಬ ಪುಟ್ಟ ಪ್ರಾಂತ್ಯವಾಯಿತು. ನೀಸ್ ನಗರದ ಇಂದಿನ ಸಿಮಿಯೇ ಬಡಾವಣೆಯಲ್ಲಿರುವ ಸೆಮೆನೆಲುಮ್ ಅದರ ರಾಜಧಾನಿ. ಕ್ರಿ.ಶ. 63ರಲ್ಲಿ ಚಕ್ರವರ್ತಿ ನೀರೊ ಅಲ್ಲಿನ ಜನಕ್ಕೆ ಲ್ಯಾಟಿನ್ ಹಕ್ಕು ಕೊಟ್ಟ. ಅದು ಪೂರ್ಣ ಪೌರತ್ವವಲ್ಲ, ಅದರ ಕಡೆಗಿನ ಮೆಟ್ಟಿಲು.

ಆದರೆ ಇಟಲಿಯ ಒಳಗಿದ್ದುದರಿಂದಲೇ ಯಾರಿಗೂ ರಕ್ಷಣೆ ದೊರೆಯುತ್ತಿರಲಿಲ್ಲ. ಕ್ರಿ.ಶ. 69ರ ಅಂತರ್ಯುದ್ಧದಲ್ಲಿ ಈ ಪ್ರಾಂತ್ಯದ ಅಧಿಕಾರಿ ಮಾರಿಯಸ್ ಮಾಟುರಸ್, ಚಕ್ರವರ್ತಿ ಒಥೊನ ನೌಕಾಪಡೆಯನ್ನು ತಡೆಯಲು ಬೆಟ್ಟದ ಜನರನ್ನು ಕಲೆಹಾಕಿದ. ಪಳಗದ ಆ ಗುಂಪು ಚದುರಿಹೋಯಿತು. ಅವರನ್ನು ಗೆದ್ದು ಏನೂ ಸಿಗದ ಒಥೊನ ಸೈನಿಕರು ಇಂದಿನ ವೆಂಟಿಮಿಲ್ಯದ ಮೇಲೆ, ಅಂದರೆ ಇಟಲಿಯದೇ ಒಂದು ಊರಿನ ಮೇಲೆ ಬಿದ್ದು ಸೂರೆ ಮಾಡಿದರು. ಅಲ್ಲಿ ಮಗನನ್ನು ಬಚ್ಚಿಟ್ಟಿದ್ದ ಲಿಗೂರಿಯನ್ ತಾಯಿಯೊಬ್ಬಳನ್ನು, ಅವನೊಂದಿಗೆ ಹಣವೂ ಇದೆಯೆಂದು ನಂಬಿ, ಹಿಂಸಿಸಿ ಕೇಳಿದಾಗ ಆಕೆ ತನ್ನ ಹೊಟ್ಟೆಯನ್ನು ತೋರಿಸಿ ಇಲ್ಲಿದ್ದಾನೆ ಎಂದಳೆಂದು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸುತ್ತಾನೆ. ಕೊನೆಯವರೆಗೂ ಆಕೆ ಬಾಯಿ ಬಿಡಲಿಲ್ಲ. ಇದೇ ದಾಳಿಯಲ್ಲಿ ಟ್ಯಾಸಿಟಸನಿಗೆ ಹೆಣ್ಣು ಕೊಟ್ಟ ಮಾವ ಅಗ್ರಿಕೊಲನ ತಾಯಿಯೂ ತನ್ನ ಜಮೀನಿನಲ್ಲೇ ಕೊಲೆಯಾದಳು.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ: ಅಲ್ಲ. ಇಂದಿನ ಗಡಿ ಲಾ ಟುರ್ಬಿಗೂ ವಾರ್ ನದಿಗೂ ಪೂರ್ವಕ್ಕೆ, ವೆಂಟಿಮಿಲ್ಯದ ಹತ್ತಿರದಲ್ಲಿದೆ. ಅದಕ್ಕೆ ಕಾರಣ ನೀಸ್ ಪ್ರದೇಶ 1860ರಲ್ಲಿ ಫ್ರಾನ್ಸಿಗೆ ಸೇರಿದ್ದು.