ಪಂಪಿಂಗ್ ಕಡಿಮೆ ಇದ್ದರೆ ಕಿಡ್ನಿ ಕಸಿ ಬೇಡವೇ?

ನಿಮ್ಮ ತಂದೆ ಮೂರು ವರ್ಷದಿಂದ ಡಯಾಲಿಸಿಸ್‌ನಲ್ಲಿದ್ದಾರೆ, ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯದ ಪಂಪಿಂಗ್, ಅಂದರೆ ಹೃದಯದಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರಹೋಗುವ ಪಾಲು, ಶೇ 35 ಬಂದಿದೆ, ಇನ್ನು ಕಸಿಯ ಮಾತೇ ಇಲ್ಲವೇ ಅಂತ ಕೇಳಿದ್ದೀರಿ. ನಾನು ಡಯಾಲಿಸಿಸ್ ಘಟಕದಲ್ಲಿ ನರ್ಸ್. ದಯವಿಟ್ಟು ಅದೊಂದು ಅಂಕಿ ನೋಡಿ ಆಸೆ ಬಿಡಬೇಡಿ.

ಹೃದಯ ಯಾಕೆ ಸೋತಿದೆ ಅನ್ನೋದು ಮೊದಲು ಗೊತ್ತಾಗಬೇಕು. ಕಿಡ್ನಿ ಹಗಲು ರಾತ್ರಿ ಮಾಡುತ್ತಿದ್ದ ಕೆಲಸವನ್ನು ಯಂತ್ರ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ನಾಲ್ಕು ನಾಲ್ಕು ಗಂಟೆಯಲ್ಲಿ ಮುಗಿಸಬೇಕು. ನಡುವಿನ ದಿನಗಳಲ್ಲಿ ಮೈಯಲ್ಲಿ ನೀರು ಸೇರುತ್ತದೆ, ಬಿ.ಪಿ. ಏರುತ್ತದೆ, ಹೃದಯ ಹಿಗ್ಗುತ್ತದೆ. ಆ ನೀರನ್ನು ಬೇಗ ಬೇಗ ಎಳೆದರೆ ಬಿ.ಪಿ. ಕುಸಿದು ಹೃದಯದ ಸ್ನಾಯುವಿಗೇ ರಕ್ತ ಸಾಲುವುದಿಲ್ಲ. ಇದರ ಮೇಲೆ ರಕ್ತಹೀನತೆ, ಪೂರ್ತಿ ಹೊರಹೋಗದ ವಿಷ, ಡಯಾಲಿಸಿಸ್‌ಗಾಗಿ ಕೈಯಲ್ಲಿ ರಕ್ತನಾಳಗಳನ್ನು ಜೋಡಿಸಿ ಮಾಡಿದ ಫಿಸ್ಟುಲಾದಿಂದ ನುಗ್ಗಿ ಬರುವ ಜಾಸ್ತಿ ರಕ್ತ. ಇಷ್ಟೆಲ್ಲ ಹೊತ್ತ ಹೃದಯ ಸುಸ್ತಾಗದೇ ಇರುತ್ತದೆಯೇ?

ಕಸಿ ಮಾಡಿದ ಕಿಡ್ನಿ ಚೆನ್ನಾಗಿ ನಡೆದರೆ ಈ ಹೊರೆಗಳಲ್ಲಿ ಹೆಚ್ಚಿನವು ಒಟ್ಟಿಗೆ ಇಳಿಯುತ್ತವೆ. ಅಮೆರಿಕದ ಒಂದು ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಪಂಪಿಂಗ್ ಶೇ 40 ಅಥವಾ ಅದಕ್ಕಿಂತ ಕಡಿಮೆ ಇದ್ದ, ಹಾರ್ಟ್ ಫೇಲ್ಯೂರ್ ಆಗಿದ್ದ 103 ಜನ ಅದರಲ್ಲಿದ್ದರು. ಕಸಿಗೆ ಮುಂಚೆ ಸರಾಸರಿ ಶೇ 32 ಇದ್ದದ್ದು ಒಂದು ವರ್ಷದಲ್ಲಿ ಶೇ 52 ಆಯಿತು. ಡಯಾಲಿಸಿಸ್‌ನಲ್ಲಿ ಹೆಚ್ಚು ಕಾಲ ಇದ್ದವರಲ್ಲಿ ಮಾತ್ರ ಚೇತರಿಕೆ ಕಡಿಮೆ. ಅದಕ್ಕೇ ಸುಮ್ನೆ ಕಾಯುತ್ತಾ ಕೂರಬೇಡಿ ಅನ್ನುತ್ತೇನೆ. ಅವರೆಲ್ಲ ಕಸಿಗೆ ಆಗಬಹುದು ಎಂದು ವೈದ್ಯರು ಪರೀಕ್ಷಿಸಿ ಆರಿಸಿದವರು ಅನ್ನೋದೂ ನೆನಪಿರಲಿ.

ಎಲ್ಲವೂ ಸರಿಹೋಗುತ್ತದೆ ಅಂತಲ್ಲ. ಸುಣ್ಣ ಕಟ್ಟಿದ ರಕ್ತನಾಳ ಮೊದಲಿನಂತೆ ಮೆತ್ತಗಾಗುವುದಿಲ್ಲ. ಹೃದಯದ ರಕ್ತನಾಳದಲ್ಲಿ ಬ್ಲಾಕ್ ಇದ್ದರೆ ಕಿಡ್ನಿ ಬದಲಾದರೂ ಅದು ಅಲ್ಲೇ ಇರುತ್ತದೆ. ಆಪರೇಷನ್ ಆದ ಮೊದಲ ವಾರಗಳಲ್ಲಂತೂ ಡಯಾಲಿಸಿಸ್‌ನಲ್ಲೇ ಇರುವುದಕ್ಕಿಂತ ಅಪಾಯ ಜಾಸ್ತಿ. ಲಾಭ ಕಾಣುವುದು ಆಮೇಲೆ. ಕಸಿ ಕಿಡ್ನಿಯನ್ನು ಉಳಿಸುವ ಸ್ಟೆರಾಯ್ಡ್, ಟ್ಯಾಕ್ರೋಲಿಮಸ್ ಮಾತ್ರೆಗಳು ಸಕ್ಕರೆ ಮತ್ತು ಬಿ.ಪಿ. ಏರಿಸಬಹುದು. ಹಾಗಾಗಿ ಹೃದಯದ ವೈದ್ಯರ ಹತ್ತಿರ ಹೋಗುವುದನ್ನು ಕಸಿ ಆದ ಮೇಲೂ ನಿಲ್ಲಿಸುವ ಹಾಗಿಲ್ಲ.

ಈಗ ನೀವು ಮಾಡಬೇಕಾದ್ದು ಹೇಳುತ್ತೇನೆ. ಆ ಎಕೋ ಯಾವ ದಿನ ಮಾಡಿದ್ದು ನೋಡಿ. ಮೈಯಲ್ಲಿ ನೀರು ತುಂಬಿದ್ದಾಗ ಮಾಡಿದ್ದರೆ, ಡಯಾಲಿಸಿಸ್ ಆಗಿ ಡ್ರೈ ವೆಯ್ಟ್‌ಗೆ (ಹೆಚ್ಚುವರಿ ನೀರು ಇಲ್ಲದ ತೂಕ) ಬಂದ ಮೇಲೆ ಇನ್ನೊಮ್ಮೆ ಮಾಡಬಹುದೇ ಅಂತ ಕೇಳಿ. ಬ್ಲಾಕ್ ಇದೆಯೇ ಎಂದು ತಿಳಿಯಲು ಆಂಜಿಯೋಗ್ರಾಮ್ ಬೇಕೇ ಅನ್ನೋದನ್ನೂ ಕೇಳಿ. ಕಿಡ್ನಿ ವೈದ್ಯರು, ಹೃದಯದ ವೈದ್ಯರು ಇಬ್ಬರೂ ಸೇರಿ ತೀರ್ಮಾನಿಸಲಿ. ಒಂದು ಕಡೆ ಆಗಲ್ಲ ಅಂದರೆ ಇನ್ನೊಂದು ಕಸಿ ಕೇಂದ್ರದಲ್ಲಿ ವಿಚಾರಿಸಿ, ಅದರಲ್ಲಿ ಸಂಕೋಚ ಬೇಡ.

ಅಲ್ಲಿಯವರೆಗೆ ನೀರು, ಉಪ್ಪು ಹಿಡಿತದಲ್ಲಿರಲಿ. ಅರ್ಧ ಗಂಟೆ ಮುಂಚೆ ಬಿಡಿಸಿಕೊಂಡು ಹೊರಡುತ್ತೇನೆ ಅಂತ ತಂದೆಯವರು ಹಟ ಹಿಡಿದರೆ ಒಪ್ಪಬೇಡಿ. ಎರಡು ದಿನದ ಬಿಡುವು ಬರುವ ವಾರಾಂತ್ಯದಲ್ಲಿ ಇನ್ನೂ ಹುಷಾರಾಗಿರಿ. ಉಬ್ಬಸ ಬಂದರೆ, ಮಲಗಿದರೆ ಉಸಿರು ಕಟ್ಟಿದಂತಾದರೆ ಮುಂದಿನ ಸರದಿಗೆ ಕಾಯದೆ ಆಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.